ಒಂದು ಸ್ವರ ಕೆಡಿಸಿಕೊಟ್ಟ ಇಸಾಕಸಾಬರು

ರಾಣೆಬೆನ್ನೂರಿನ ಈ ಓಣಿಗೆ ಇನ್ನೂ ಹಾಲಿನವರು ಬಂದಿಲ್ಲ. ಇಸಾಕಸಾಬರ ಅಂಗಡಿಯ ಬಾಗಿಲು ಮಾತ್ರ ಅರ್ಧ ತೆರೆದಿದೆ. ನೆಲದ ಮೇಲೆ ಮುಚ್ಚಳ ತೆಗೆದ ಹಾರ್ಮೋನಿಯಂ, ಇಲ್ಲಿಯವರ ಬಾಯಲ್ಲಿ ಪೇಟಿ. ಅವರು ಒಂದು ರೀಡನ್ನು ಹೊರತೆಗೆದು, ಬುಡದಲ್ಲಿ ನಯವಾಗಿ ಗೀರಿ, ಮತ್ತೆ ಕೂರಿಸಿ ತಿದಿ ಒತ್ತುತ್ತಾರೆ. ಪಕ್ಕದ ಮೊಬೈಲಿನಿಂದಲೂ ಅದೇ ಸ್ವರ ಬರುತ್ತಿದೆ, ಕೂದಲೆಳೆಯಷ್ಟು ತಗ್ಗಿ.

"ಕೆಡಸಾಕತ್ತೇನ್ರಿ," ಎನ್ನುತ್ತಾರೆ, ತಲೆ ಎತ್ತದೆ. "ಹೋದ ವಾರ ನಾನ ಛಲೋ ಮಾಡಿದ್ದೆ. ಈಗ ನಾನ ಕೆಡಸಬೇಕಾಗೇತಿ."

ರೀಡ್ ಎಂದರೆ ಹಿತ್ತಾಳೆಯ ಸಣ್ಣ ನಾಲಿಗೆ. ತುದಿಯಲ್ಲಿ ಗೀರಿದರೆ ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಗೀರಿದರೆ ಬಿಗಿ ಕಳೆದುಕೊಂಡು ಇಳಿಯುತ್ತದೆ. ಎರಡು ಸ್ವರಗಳು ಹತ್ತಿರವಿದ್ದೂ ಕೂಡದಿದ್ದರೆ ನಡುವೆ ಒಂದು ಅಲೆ ಮಿಡಿಯುತ್ತದೆ. ಆ ಅಲೆ ನಿಲ್ಲಲೆಂದು ಅವರು ಕಾಯುತ್ತಿದ್ದಾರೆ. ಈ ರೀಡು ಮೊದಲೇ ತೆಳುವಾಗಿದೆ. ಕೈ ತುಸು ಭಾರವಾದರೂ ಮುರಿಯುತ್ತದೆ.

ಪೇಟಿ ಐರಣಿಯ ಶೇಖಪ್ಪ ಮಾಸ್ತರರದು. ನಾಟಕ ಕಂಪನಿಗಳಲ್ಲಿ ನುಡಿಸುತ್ತಿದ್ದ ಅವರಿಗೆ ಈಗ ಮರೆವಿನ ಕಾಯಿಲೆ. ಮಗಳ ಹೆಸರೂ ನೆನಪಿಲ್ಲ, ಆದರೆ ಸಂಜೆ ಪೇಟಿ ಮುಂದಿಟ್ಟರೆ ಹಾಡುಗಳು ತಪ್ಪದೆ ಬರುತ್ತಿದ್ದವು. ಮೊಮ್ಮಗಳು ಸುರೇಖಾ ಗೆಳೆಯರನ್ನು ಕಟ್ಟಿಕೊಂಡು ಅದನ್ನೇ ಒಂದು ಸಣ್ಣ ಸಿನಿಮಾ ಮಾಡುತ್ತಿದ್ದಾಳೆ. ಅಜ್ಜನ ಪಾತ್ರದಲ್ಲಿ ಅಜ್ಜನೇ. ಚಿತ್ರೀಕರಣಕ್ಕೆ ಮೊದಲು ಪೇಟಿ ಸರಿಯಾಗಲೆಂದು ಇಸಾಕಸಾಬರಿಗೆ ಕೊಟ್ಟಳು. ಇಳಿದುಹೋಗಿದ್ದ ಗಾಂಧಾರ ಸ್ವರವನ್ನು ಅವರು ಸರಿಪಡಿಸಿದರು. ಮಾಸ್ತರರು ಎರಡು ಸಾಲು ನುಡಿಸಿ, "ಇದು ನಂದಲ್ಲ," ಎಂದು ಪೇಟಿಯನ್ನು ದೂಡಿದರು. ಆಮೇಲೆ ಅದನ್ನು ಮುಟ್ಟಿಲ್ಲ. ಹಳೆಯ ವಿಡಿಯೊಗಳನ್ನು ಮತ್ತೆ ಮತ್ತೆ ಕೇಳಿದಾಗ ಸುರೇಖಾಗೆ ಕಾರಣ ಹೊಳೆಯಿತು: ಅಜ್ಜನ ಕಿವಿಗೆ ಒಗ್ಗಿದ್ದು ಆ ಇಳಿದ ಗಾಂಧಾರವೇ. ಈಗ ಮೊಬೈಲಿನಲ್ಲಿ ಕೇಳುತ್ತಿರುವುದೂ ಆ ವಿಡಿಯೊದ ಸ್ವರವೇ.

"ಸಿನಿಮಾ ಹೋಗ್ಲಿ ಬಿಡ್ರಿ," ಎನ್ನುತ್ತಾರೆ ಇಸಾಕಸಾಬರು. "ಅವ್ರಿಗೆ ಉಳಿದದ್ದ ಅದೊಂದು. ಅದನ್ನೂ ನಾನ ಕಸಗೊಂಡಂಗಾತಲ್ರಿ."

ಅರವತ್ತೆರಡರ ಅವರಿಗೆ ಈ ಕೆಲಸ ತಂದೆಯಿಂದ ಬಂದದ್ದು. ಹಾವೇರಿ, ಬ್ಯಾಡಗಿ, ಹೊಸರಿತ್ತಿಯ ಭಜನಾ ಮಂಡಳಿಗಳಿಗೆ ಚೀಲ ಹೊತ್ತು ಹೋಗುತ್ತಾರೆ. ಕೀಬೋರ್ಡ್ ಬಂದ ಮೇಲೆ ತಿಂಗಳಿಗೆ ಆರೇಳು ಪೇಟಿ ಸಿಕ್ಕರೆ ಹೆಚ್ಚು. "ಬ್ಯಾಡಗಿ ಪೇಟಿ ಬಿಚ್ಚಿದ್ರ ಮೊದಲ ಸೀನು ಬರತಾವ್ರಿ. ಮೆಣಸಿನಕಾಯಿ ಘಾಟು ತಿದಿಯಾಗ ಸಂಸಾರ ಹೂಡಿರತೈತಿ!"

ನಗುತ್ತಲೇ ಮತ್ತೆ ತಿದಿ ಒತ್ತುತ್ತಾರೆ. ಅಲೆ ನಿಧಾನವಾಗುತ್ತದೆ, ನಿಲ್ಲುತ್ತದೆ. ರೀಡು ಉಳಿದಿದೆ.

ಅಂದು ಸಂಜೆ ಐರಣಿಯ ಮನೆಯ ಪಡಸಾಲೆಯಲ್ಲಿ ಮಾಸ್ತರರ ಮುಂದೆ ಪೇಟಿ ಇಟ್ಟು, ಇಸಾಕಸಾಬರು ಕಂಬದ ಹಿಂದೆ ಸರಿಯುತ್ತಾರೆ. ಕ್ಯಾಮೆರಾ ಕಿಟಕಿಯ ಹೊರಗಿದೆ. ಮಾಸ್ತರರು ಪೇಟಿಯ ಅಂಚನ್ನು ಸವರುತ್ತಾರೆ. ಆಮೇಲೆ ಬೆರಳುಗಳು ಪೇಟಿಯ ಕಪ್ಪು-ಬಿಳಿ ಮನೆಗಳ ಮೇಲೆ ಓಡತೊಡಗುತ್ತವೆ. ಗಾಂಧಾರ ಬರುತ್ತಲೇ ಕೈ ನಿಲ್ಲುತ್ತದೆ. ಇಸಾಕಸಾಬರು ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಯಾವ ಮಬ್ಬ ರಿಪೇರಿ ಮಾಡ್ಯಾನಲೇ ಇದನ್ನ? ಗಾಂಧಾರ ಹಂಗ ಬಿಟ್ಟಾನಲ್ಲ!"

ಬೈದ ಮಾಸ್ತರರೇ ಆ ಸ್ವರವನ್ನು ಮೆಲ್ಲಗೆ ಒತ್ತಿ ಮುಂದಿನ ಸಾಲಿಗೆ ಹೋಗುತ್ತಾರೆ. ಹಾಡು ಮುಗಿದು ಇನ್ನೊಂದು ಶುರುವಾದರೂ ಸುರೇಖಾ ಕಟ್ ಹೇಳದೆ ನಿಂತೇ ಇದ್ದಾಳೆ.

ಇಸಾಕಸಾಬರು ಅಂಗಳಕ್ಕೆ ಬಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಬೈದ್ರಲ್ಲ, ಸಾಕು. ಪೇಟಿ ಅವ್ರಿಗೆ ಹೊಳ್ಳಿ ಮುಟ್ಟಿತು."

ಹಿಂದೆಯೇ ಬಂದ ಸುರೇಖಾ, "ಕಾಕಾ, ಸಿನಿಮಾದ ಕೊನೀಗೆ ನಿಮ್ಮ ಹೆಸರು ಹಾಕತೇನಿ," ಎನ್ನುತ್ತಾಳೆ.

"ಹಾಕಬ್ಯಾಡವ್ವಾ! ಬೇಸೂರ ಪೇಟಿ ಕೇಳಿದ ಮಂದಿ, ರಿಪೇರಿ ಇಸಾಕಸಾಬ ಅಂತ ಓದಿದ್ರ ಇರೋ ಗಿರಾಕಿನೂ ಓಡಿಹೋಗತಾವ."

ಹಾಗಾದರೆ ನಮ್ಮ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ, ಟವೆಲ್ಲನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

"ಪೇಪರಿನ್ಯಾಗ ಬರೀರಿ. ಅದಕ್ಕ ದನಿ ಇಲ್ಲಲ್ಲ."