ಮುದ್ದೆ ತಿಂದ ಮೀನು

ನಮ್ಮ ಮಾವ ಪ್ರತಿ ಭಾನುವಾರ ಹಣೆ ತುಂಬ ವಿಭೂತಿ ಬಳಿದುಕೊಂಡು ಪೆರಂಬೂರಿನಿಂದ ಬಸ್ಸು ಹತ್ತಿ ತಿರುವೊಟ್ರಿಯೂರಿನ ಈಶ್ವರನ ಗುಡಿಗೆ ಹೋಗುತ್ತಾರೆಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಮದರಾಸು ಚೆನ್ನೈ ಆಗಿ ಎರಡು ಮೂರು ವರ್ಷ ಕಳೆದಿದ್ದ ಕಾಲ. ಮಾವ ರೈಲ್ವೆ ವರ್ಕ್‌ಶಾಪಿನಿಂದ ಆಗಷ್ಟೇ ರಿಟೈರ್ ಆಗಿದ್ದರು. ಜೀವನವಿಡೀ ಗುಡಿಯ ಕಡೆ ತಲೆಹಾಕದ ಗಂಡಸಿಗೆ ಈಗಲಾದರೂ ಬುದ್ಧಿ ಬಂತಲ್ಲ ಎಂದು ಅತ್ತೆ ಹಿಗ್ಗಿಹೋಗಿದ್ದರು. ಬರುವಷ್ಟರಲ್ಲಿ ಹಸಿವಾಗುತ್ತದೆಂದು ಒಂದು ರಾಗಿಮುದ್ದೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು. "ಸಾರು ಬ್ಯಾಡ, ಬಸ್ಸಲ್ಲಿ ಚೆಲ್ತದೆ" ಎಂದು ಮಾವ ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಸಾರಿಲ್ಲದೆ ಮುದ್ದೆ ನುಂಗುವ ನಮ್ಮ ತುಮಕೂರಿನವರು ಇನ್ನೂ ಹುಟ್ಟಿಲ್ಲ.

ಒಂದು ಭಾನುವಾರ ಊರಿನಿಂದ ಮಾವನ ತಂಗಿ ಹೇಳದೆ ಕೇಳದೆ ಬಂದಿಳಿದರು. ನನ್ನ ಗಂಡ ಡ್ಯೂಟಿಯಲ್ಲಿದ್ದ. ಮೊಬೈಲು ಇನ್ನೂ ದೊಡ್ಡ ಸಾಹೇಬರ ಜೇಬಿನಲ್ಲಿ ಮಾತ್ರ ಇದ್ದ ವಸ್ತು. ಮಾವನನ್ನು ಕರೆತರಲು ನಾನೇ ಹೊರಟೆ. ವಾರವೆಲ್ಲ ನುಂಗಂಬಾಕ್ಕಂನ ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವಳು ನಾನು. ದಾರಿಯುದ್ದಕ್ಕೂ ಆ ತಂಗಿಯನ್ನೂ ಈಶ್ವರನನ್ನೂ ಒಟ್ಟಿಗೆ ಬೈದುಕೊಂಡು ಹೋದೆ. ಗುಡಿಯೊಳಗೆ ಎಲ್ಲಿ ಹುಡುಕಿದರೂ ಮಾವ ಇಲ್ಲ. ಹೊರಗೆ ಚಪ್ಪಲಿ ಕಾಯುವ ಅಮ್ಮನನ್ನು ಕೇಳಿದರೆ ಆಕೆ ನಕ್ಕು, "ಕನ್ನಡ ತಾತಾವಾ? ಕಲ್ಲು ಮೇಲೆ ಇರುಪ್ಪಾರು, ಪೋಯಿ ಪಾರುಮ್ಮಾ" ಎಂದು ಸಮುದ್ರದ ಕಡೆ ಕೈ ತೋರಿಸಿದಳು.

ಚೆನ್ನೈಯ ಸಮುದ್ರ ಎಂದರೆ ಎಲ್ಲರಿಗೂ ಮರಳು, ಪೊಟ್ಟಣದಲ್ಲಿ ಮಾರುವ ಕಡಲೆಯ ಸುಂಡಲ್ ನೆನಪಾಗುತ್ತದೆ. ಉತ್ತರದ ಆ ಕಡೆ ಹಾಗಿಲ್ಲ. ಅಲೆ ದಡ ತಿನ್ನುತ್ತದೆಂದು ಎಲ್ಲಿಂದಲೋ ಒಂದು ಬೆಟ್ಟವನ್ನೇ ಒಡೆದು ಲಾರಿಯಲ್ಲಿ ತಂದು ಸುರಿದಿದ್ದಾರೆ. ಆಳೆತ್ತರದ ಕರಿಬಂಡೆಗಳ ರಾಶಿ, ಅದರ ಕೆಳಗೆ ನೀರು ಇಳಿದಾಗ ಕಾಣುವ ಕಲ್ಲುಹರಳಿನ ಒಂದು ಪಟ್ಟಿ. ಅಲ್ಲಿ ಪ್ಯಾಂಟು ಮೊಣಕಾಲಿಗೆ ಮಡಚಿ ನಮ್ಮ ಮಾವ ಕೂತಿದ್ದರು. ಎಡಗೈಯಲ್ಲಿ ನೈಲಾನ್ ದಾರ ಸುತ್ತಿದ ಖಾಲಿ ಬಾಟಲಿ. ಬಲಗೈಯಲ್ಲಿ ಅತ್ತೆಯ ಮುದ್ದೆ. ಅದನ್ನು ಚಿವುಟಿ, ಗೋಲಿಯಷ್ಟು ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಹಣೆಯ ವಿಭೂತಿ ಮಾತ್ರ ಒಂಚೂರೂ ಅಳಿಸಿರಲಿಲ್ಲ.

ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. "ಬಾರಮ್ಮಾ, ಮೆಲ್ಲಗೆ ಇಳಿ, ಪಾಚಿ ಇದೆ" ಎಂದರು.

"ಏನಿದು ಮಾವ?"

"ಕಾಣಲ್ವಾ, ಮೀನು ಹಿಡೀತಿದೀನಿ."

"ಎಷ್ಟು ಸಿಕ್ತು?"

"ಇನ್ನೂ ಒಂದೂ ಇಲ್ಲ" ಎಂದರು. ಆರು ತಿಂಗಳಿಂದ ಒಂದೂ ಇಲ್ಲವಂತೆ.

ಆಮೇಲೆ ವಿಷಯ ಬಿಚ್ಚಿದರು. ವರ್ಕ್‌ಶಾಪಿನಲ್ಲಿ ಅವರ ಜೊತೆ ಊಟಕ್ಕೆ ಕೂರುತ್ತಿದ್ದವರೆಲ್ಲ ಸಮುದ್ರದ ದಡದಲ್ಲಿ ಹುಟ್ಟಿ ಬೆಳೆದವರು. ಸೋಮವಾರ ಬಂತೆಂದರೆ ಹಿಂದಿನ ದಿನ ಗಾಳಕ್ಕೆ ಬಿದ್ದ ಮೀನಿನ ಕಥೆಗಳೇ. ಮಾವ ಮುದ್ದೆ ಮುರಿಯುತ್ತ ಬಾಯಿ ಬಿಟ್ಟು ಕೇಳುತ್ತಿದ್ದರು. ಸರ್ವಿಸ್ ಪೂರ್ತಿ ಕೇಳಿದರು. ಬೀಳ್ಕೊಡುಗೆಯ ದಿನ ಒಬ್ಬ ಮೈಕ್ ಹಿಡಿದು, ಸೊಪ್ಪು ತಿನ್ನುವ ಕೈಗೆ ಮೀನು ಬೀಳುವುದಿಲ್ಲ ಎಂದು ತಮಾಷೆ ಮಾಡಿದನಂತೆ. ಎಲ್ಲರೂ ನಕ್ಕರಂತೆ. ಮಾವನೂ ನಕ್ಕರಂತೆ. ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. "ತಿನ್ನೋದು ಬ್ಯಾಡಮ್ಮಾ, ಮಾರೋದೂ ಬ್ಯಾಡ. ಒಂದೇ ಒಂದು ನನ್ನ ಕೈಯಾರೆ ಹಿಡೀಬೇಕು. ಅಷ್ಟೇ" ಎಂದರು.

ಪಕ್ಕದ ಬಂಡೆಗಳ ಮೇಲಿದ್ದವರೆಲ್ಲ ಗಾಳಕ್ಕೆ ಸಿಗಡಿ ಸಿಕ್ಕಿಸುತ್ತಿದ್ದರು. ಮಾವ ಸಿಗಡಿಯನ್ನು ಕೈಯಲ್ಲಿ ಮುಟ್ಟುವುದಿಲ್ಲ. ಮೀನು ಹಿಡಿಯಬಹುದು, ಸಿಗಡಿ ಮುಟ್ಟಬಾರದು ಎಂಬ ಈ ಶಾಸ್ತ್ರ ಯಾವ ಸ್ವಾಮಿಗಳು ಹೇಳಿಕೊಟ್ಟದ್ದೋ ಗೊತ್ತಿಲ್ಲ. ಊರ ಕೆರೆಯಲ್ಲಿ ಜನ ಹಿಟ್ಟಿನುಂಡೆ ಹಾಕಿ ಹಿಡಿಯುವುದನ್ನು ನೋಡಿದ್ದ ನೆನಪಿನ ಮೇಲೆ ಅವರು ಬಂಗಾಳ ಕೊಲ್ಲಿಗೆ ಮುದ್ದೆ ಬಡಿಸುತ್ತಿದ್ದರು. ಎರಡು ಅಲೆ ಬಂದರೆ ಮುದ್ದೆ ಕರಗಿ ಗಾಳ ಬೋಳಾಗುತ್ತಿತ್ತು. ಅದಕ್ಕೆ ಹತ್ತಿಯ ಎಳೆ ಸೇರಿಸಿ ನಾದುವುದನ್ನು ಕಲಿತಿದ್ದರು. ಹತ್ತಿ ಎಲ್ಲಿಯದೆಂದರೆ, ದೇವರ ದೀಪಕ್ಕೆ ಬತ್ತಿ ಹೊಸೆಯಲು ಅತ್ತೆ ಇಟ್ಟಿದ್ದ ಕಟ್ಟಿನದು.

ನಾನು ಮನೆಗೆ ಬಂದು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅತ್ತೆಯನ್ನು ಏಮಾರಿಸಲು ಸಿಕ್ಕ ಮೊದಲ ಅವಕಾಶ ಅದು, ಬಿಡುವಷ್ಟು ಒಳ್ಳೆಯ ಸೊಸೆ ನಾನಲ್ಲ. ಅಂದಿನಿಂದ ನನಗೂ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಭಾನುವಾರ ಇಬ್ಬರೂ ಹೊರಡುತ್ತಿದ್ದೆವು. ಒಳಗೆ ಹೋಗಿ ಈಶ್ವರನಿಗೆ ಕೈ ಮುಗಿದು, ಅತ್ತೆಗೆ ಪ್ರಸಾದದ ಪೊಟ್ಟಣ ಕಟ್ಟಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ.

ಸಿಕ್ಕಿಬಿದ್ದದ್ದು ಹತ್ತಿಯಿಂದ. "ದಿನಕ್ಕೆ ಎರಡು ಬತ್ತಿ ಉರಿಸೋ ಮನೇಲಿ ಹತ್ತಿ ಹಿಂಗೆ ಕರಗ್ತದಾ?" ಎಂದು ಅತ್ತೆ ಒಂದು ದಿನ ಕಟ್ಟನ್ನು ನಮ್ಮ ಮುಂದಿಟ್ಟರು. ಮಾವ, ಗುಡಿಯಲ್ಲಿ ದೀಪ ಹಚ್ಚುತ್ತೇನೆ ಎಂದರು. ನಾನು ಅದೇ ಹೊತ್ತಿಗೆ, ಕಿವಿನೋವು, ಕಿವಿಗೆ ಇಟ್ಟುಕೊಂಡೆ ಎಂದೆ. ಅತ್ತೆ ಇಬ್ಬರ ಮುಖವನ್ನೂ ನೋಡಿದರು. "ಸರಿ. ಈ ಭಾನುವಾರ ನಾನೂ ಬತ್ತೀನಿ" ಎಂದರು.

ಭಾನುವಾರ ಮೂವರೂ ಹೊರಟೆವು. ಅತ್ತೆ ದರ್ಶನ ಮಾಡಿ ಹೊರಗೆ ಬಂದರು. ಚಪ್ಪಲಿ ಅಮ್ಮ ಮಾವನನ್ನು ನೋಡಿ, "ಇನ್ನಿಕ್ಕಿ ಮೀನು ಪಿಡಿಕ್ಕಲಿಯಾ ತಾತಾ?" ಎಂದು ಪ್ರೀತಿಯಿಂದ ಕೇಳಿದಳು. ಅತ್ತೆಗೆ ತಮಿಳು ಬರುವುದು ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮಾತ್ರ. ಆದರೂ ಮೀನು ಎರಡು ಭಾಷೆಯಲ್ಲೂ ಮೀನೇ.

ಅತ್ತೆ ಕೂಗಾಡಲಿಲ್ಲ. "ನಡೀರಿ, ತೋರ್ಸಿ" ಎಂದರು. ಸೀರೆ ಎತ್ತಿಕಟ್ಟಿ, ನನ್ನ ಭುಜ ಹಿಡಿದು, ಬಂಡೆಯಿಂದ ಬಂಡೆಗೆ ಕೆಳಗಿಳಿದು ಕೂತರು. ಮಾವ ಅಪರಾಧಿಯಂತೆ ಡಬ್ಬಿ ತೆಗೆದು, ಮುದ್ದೆ ಚಿವುಟಿ, ಗಾಳ ಎಸೆದರು. ತಾವು ಬೆಳಿಗ್ಗೆ ಎದ್ದು ತೊಳಸಿದ ಮುದ್ದೆ ಸಮುದ್ರಕ್ಕೆ ಹೋಗುವುದನ್ನು ಅತ್ತೆ ನೋಡುತ್ತಿದ್ದರು. "ಇಷ್ಟು ದಿನದಿಂದ ಮೀನು ತಿಂತಾವಾ ಇದನ್ನ?" ಎಂದು ಕೇಳಿದರು. ತಿಂದು ಹೋಗುತ್ತವೆ, ಸಿಗುವುದಿಲ್ಲ ಎಂದರು ಮಾವ. ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. ಯಾರೋ ತಿಂದರಲ್ಲ ಎನ್ನುವುದು ಅಡುಗೆ ಮಾಡಿದವರಿಗೆ ದೊಡ್ಡದು.

ಅವತ್ತೇ ಬಿತ್ತು ನೋಡಿ. ದಾರ ಬಿಗಿಯಾಯಿತು, ಮಾವ ಎದ್ದು ನಿಂತು ಎಳೆದರು. ಬಾಟಲಿ ಕೈಜಾರಿ ಕಲ್ಲಿನ ಸಂದಿಗೆ ಬಿತ್ತು, ದಾರವನ್ನೇ ಮುಷ್ಟಿಗೆ ಸುತ್ತಿ ಎಳೆದರು. ಅಲ್ಲಿಯವರು ಮಡವೈ ಎನ್ನುವ ಗೇಣುದ್ದದ ಮೀನೊಂದು ಬೆಳ್ಳಗೆ ಹರಳುಗಳ ಮೇಲೆ ಪಟಪಟ ಬಡಿದುಕೊಂಡಿತು. ಮಾವ ಎರಡು ಕೈಯಲ್ಲೂ ಅದನ್ನು ಹಿಡಿದರು. ಅವರ ಮುಖವನ್ನು ಹಾಗೆ ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಪೆರಂಬೂರಿಗೆ ಒಯ್ದು ಹಳೆಯ ಗೆಳೆಯರ ಬಾಗಿಲು ಬಾಗಿಲಿಗೆ ತೋರಿಸುವ ಆಸೆ ಅದರಲ್ಲಿ ಬರೆದಂತಿತ್ತು.

"ಬಿಡಿ ಅದನ್ನ" ಎಂದರು ಅತ್ತೆ.

"ಒಂದೇ ಒಂದು ಕಣೇ."

"ನಮ್ಮನೆ ಮುದ್ದೆ ಉಂಡೈತೆ ಅದು. ಉಂಡೋರನ್ನ ಕೊಲ್ತಾರೇನ್ರೀ?"

ಮಾವ ನಿಧಾನವಾಗಿ ಗಾಳ ಬಿಡಿಸಿ, ಬಗ್ಗಿ, ಮೀನನ್ನು ನೀರಿಗೆ ಬಿಟ್ಟರು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತರು. ಅತ್ತೆಯ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಇನ್ನೆಂದೂ ಬಂದಿಲ್ಲ.

ಪೊಂಗಲ್ ಹಬ್ಬಕ್ಕೆ ವರ್ಕ್‌ಶಾಪಿನ ಗೆಳೆಯರು ಕಬ್ಬು ಹೊತ್ತು ಮನೆಗೆ ಬಂದರು. ಕಾಫಿ ಕುಡಿಯುತ್ತ ಮಾವ ತಡೆಯಲಾರದೆ ಹೇಳಿಯೇಬಿಟ್ಟರು, ನಾನೂ ಒಂದು ಹಿಡಿದೆ ಎಂದು. ಏನು ಹಾಕಿ ಹಿಡಿದೆ ಎಂದು ಕೇಳಿದರು. ಮುದ್ದೆ ಎಂದರು ಮಾವ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀನೆಲ್ಲಿ, ತೋರಿಸು ಎಂದರು. ಬಿಟ್ಟುಬಿಟ್ಟೆ ಎಂದಾಗ ನಗು ಇನ್ನೂ ಜಾಸ್ತಿಯಾಯಿತು. ನಾನು ನೋಡಿದ್ದೇನೆ ಎಂದೆ. ಸೊಸೆ ಮಾವನ ಪಾರ್ಟಿ ಎಂದು ನನ್ನ ಮಾತನ್ನೂ ತಳ್ಳಿಹಾಕಿದರು. ಮಾವ ಲೋಟ ಕೆಳಗಿಟ್ಟರು.

ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದು ನಿಂತರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ, ಸುಳ್ಳೆಂದರೆ ಸಿಡುಕುವ ಹೆಂಗಸು ಎಂದು ಬಂದವರಿಗೆಲ್ಲ ಗೊತ್ತಿತ್ತು. ನಗು ತಾನಾಗಿ ನಿಂತಿತು.

"ಪಿಡಿಚಾರು" ಎಂದರು ಅತ್ತೆ, ತಮ್ಮ ತರಕಾರಿ ತಮಿಳಿನಲ್ಲಿ. "ನಾನೇ ಪಾತ್ತೇನ್." ಹಿಡಿದರು, ನಾನೇ ನೋಡಿದೆ, ಅಂತ.

ಗೆಳೆಯರಲ್ಲಿ ಒಬ್ಬರು ಎಷ್ಟು ದೊಡ್ಡದಿತ್ತಮ್ಮಾ ಎಂದು ಮೆಲ್ಲಗೆ ಕೇಳಿದರು. ಅತ್ತೆ ಎರಡೂ ಕೈ ಮುಂದೆ ಹಿಡಿದು ಗೇಣಗಲ ತೋರಿಸಿದರು. ಮಾವನ ಮುಖ ನೋಡಿದರು. ಕೈಗಳು ಮೆಲ್ಲಗೆ ದೂರ ಸರಿದು ಮೊಳದಷ್ಟಾದವು, ಮತ್ತೆ ಮಾವನನ್ನು ನೋಡಿದರು, ಮೊಳವನ್ನೂ ದಾಟಿದವು.

ಮಾವ ಬಾಗಿಲ ಕಡೆ ವಾಲಿ ಕನ್ನಡದಲ್ಲಿ ಪಿಸುಗುಟ್ಟಿದರು: "ಸಾಕು ಕಣೇ. ಇನ್ನೂ ಉದ್ದ ಮಾಡಿದ್ರೆ ನಂಬಲ್ಲ ಅವ್ರು."

ಅತ್ತೆ ಕೈ ಇಳಿಸಲಿಲ್ಲ.