ರೋಟರ್ ಆರ್ಮ್‌ಗೆ ಹಚ್ಚಿದ ಕುಂಕುಮ

ಎರಡು ವರ್ಷದ ಹಿಂದಿನ ಮಾತು. ವಿಲಾಯತಿಯ ಫೆಲ್ಥಮ್‌ನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರ್ ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಅದು ನನ್ನ ನೌಕರಿಯ ಕೊನೆಯ ವರ್ಷ. ಧಾರವಾಡದಲ್ಲಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು; ಮೊಮ್ಮಗಳು ನೇಹಾ ಎಂಜಿನಿಯರ್. ಅವಳು ಮಾಡಿದ ಸಾಮಾನು ಪರೀಕ್ಷೆಗೆಂದು ನನ್ನ ಮೇಜಿಗೇ ಬಂತು ಎಂದರೆ ನನ್ನ ಹಿಗ್ಗು ಕೇಳಬೇಕೆ! ಇಂದಿಗೂ ಇಳಿದಿಲ್ಲ.

ಸಾಮಾನು ಎಂದರೆ ರೋಟರ್ ಆರ್ಮ್. ಹೆಬ್ಬೆರಳಿನಷ್ಟಿರುತ್ತದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತಿರುಗುತ್ತ ಒಂದೊಂದು ಸಿಲಿಂಡರಿಗೂ ಸರದಿಯಂತೆ ಕರೆಂಟು ಹಂಚುತ್ತದೆ, ಪಂಕ್ತಿಯಲ್ಲಿ ಬಡಿಸುವವರ ಹಾಗೆ. ಈಗ ಸಿಗುವ ಎಷ್ಟೋ ಆರ್ಮ್‌ಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಒಂದು ರಿವೆಟ್, ಅಂದರೆ ಬಡಿದು ಕೂರಿಸಿದ ಮೊಳೆ, ಹಿಡಿದಿರುತ್ತದೆ. ಎಂಜಿನ್ ಕಾದಾಗ ಕರೆಂಟು ಆ ರಿವೆಟ್‌ನಿಂದ ಕೆಳಗಿನ ಕಬ್ಬಿಣದ ಶಾಫ್ಟಿಗೆ ಹಾರಿ, ಕಾರು ದಾರಿಯಲ್ಲೇ ನಿಲ್ಲುತ್ತದೆ. ನೇಹಾ ರಿವೆಟ್ಟೇ ಇಲ್ಲದ ಆರ್ಮ್ ಮಾಡಿದ್ದಳು. ಇದ್ದದ್ದು ಎರಡೇ. ಒಂದು ಅಳತೆಗೆಂದು ಮಾಲೀಕ ಕೀತ್ ಬಳಿ, ಇನ್ನೊಂದು ನನ್ನ ಬಳಿ. ನಲವತ್ತು ನಿಮಿಷ ಎಂಜಿನ್ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಬಿಸಿಯಲ್ಲೇ ಮತ್ತೆ ಚಾಲೂ ಮಾಡಬೇಕು. ಪಾಸಾದರೆ ನಮ್ಮ ಗಿರಾಕಿಗಳ ಕಾರಿಗೆಲ್ಲ ಅದೇ. ಇಲ್ಲದಿದ್ದರೆ ಕೀತ್ ಅದನ್ನು ಕೈಬಿಡುವವನಿದ್ದ.

ಮುಂಜಾನೆ ನೇಹಾಳ ಎದುರಿಗೇ ಕಾರಿಗೆ ಹಾಕಿದೆವು. ಹನ್ನೆರಡೇ ನಿಮಿಷ. ಎಂಜಿನ್ ಕೆಮ್ಮಿತು, ಮಿಸ್ಸಿಂಗ್ ಶುರುವಾಯಿತು, ನಿಂತೇಬಿಟ್ಟಿತು.

"ಸಾರಿ, ಲವ್. ಇಟ್ಸ್ ನಾಟ್ ರೆಡಿ," ಎಂದ ಕೀತ್ ನೇಹಾಳಿಗೆ; ಇಲ್ಲಿ 'ಲವ್' ಎಂದರೆ ನಮ್ಮಲ್ಲಿ 'ಮಗಳೇ' ಅಂದ ಹಾಗೆ. ನೇಹಾ ಲ್ಯಾಪ್‌ಟಾಪ್ ಮುಚ್ಚಿದಳು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ರಿವೆಟ್ಟೇ ಇಲ್ಲ, ಮತ್ತೆ ಕರೆಂಟು ಹಾರಿದ್ದೆಲ್ಲಿಂದ? ಆರ್ಮ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಹಿತ್ತಾಳೆಯಿಂದ ಶಾಫ್ಟಿನವರೆಗೆ ಕೂದಲೆಳೆಯಂಥ ಕರಿ ಗೆರೆ, ಕರೆಂಟು ಸುಟ್ಟುಕೊಂಡು ಹೋದ ಹಾದಿ. ಅದು ಒಂದು ಸಂದಿಯಿಂದ ಹೊರಟಿತ್ತು. ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ.

ಆ ಬಣ್ಣ ನನಗೆ ಗುರುತು ಸಿಕ್ಕಿತು. ಹಿಂದಿನ ದಿನ ಆಯುಧಪೂಜೆ. ಮೊಮ್ಮಗಳ ಮೊದಲ ಸಾಮಾನು ಅಂತ ಅದನ್ನು ದೇವರ ಮುಂದಿಟ್ಟು, ನೀರಲ್ಲಿ ಕಲಸಿದ ಕುಂಕುಮ ಹಚ್ಚಿದ್ದೆ. ಆಮೇಲೆ ಒರೆಸಿದ್ದೆ, ಸಂದಿ ಮರೆತಿದ್ದೆ; ಅಲ್ಲಿ ತೇವ ಆರಿರಲಿಲ್ಲ. ಕೈ ಒರೆಸದೆ ಸಾಮಾನು ಮುಟ್ಟಬೇಡಿ ಅಂತ ಎಲ್ಲರಿಗೂ ಬೈಯುತ್ತಿದ್ದವಳು ನಾನೇ! ಹೇಗೆ ಬಾಯಿ ಬಿಡಲಿ? ಬಿಡದಿದ್ದರೆ ತಪ್ಪು ಹುಡುಗಿಯ ತಲೆಗೆ.

"ಯವ್ವಾ, ನಿಂದೇನೂ ತಪ್ಪಿಲ್ಲ. ನಿನ್ನೆ ನಾನs ಇದಕ್ಕ ಕುಂಕುಮ ಹಚ್ಚೀನಿ," ಎಂದೆ ನೇಹಾಳಿಗೆ.

"ಅಜ್ಜೀ! ಯು ಡಿಡ್ ಪೂಜಾ ಆನ್ ಮೈ ಪ್ರೊಟೊಟೈಪ್?" ಎಂದು ಕಣ್ಣರಳಿಸಿದವಳು ಫಕ್ಕನೆ ನಕ್ಕಳು.

ಅವಳು ವಿಷಯ ಬಿಡಿಸಿ ಹೇಳಿದಾಗ ಕೀತ್ ನಗಲಿಲ್ಲ. ಕುಂಕುಮ ತರಲು ಹೇಳಿದ. ನನ್ನ ಬ್ಯಾಗಿನಲ್ಲೇ ಪುಟ್ಟ ಭರಣಿ ಇತ್ತು. ಚಿಟಿಕೆ ಕುಂಕುಮವನ್ನು ಒದ್ದೆ ಮಾಡಿ ಅದಕ್ಕೆ ಮೀಟರಿನ ಎರಡೂ ಕಡ್ಡಿ ತಾಗಿಸಿದ. ಮುಳ್ಳು ಎದ್ದಿತು! ಮೂವರೂ ಬಗ್ಗಿ ನೋಡಿದೆವು, ಮಕ್ಕಳ ಹಾಗೆ. ಒದ್ದೆ ಕುಂಕುಮದಲ್ಲಿ ಕರೆಂಟು ಹರಿಯುತ್ತದೆ ಅಂತ ಇಷ್ಟು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

ಕೀತ್ ಬಳಿಯಿದ್ದ ಎರಡನೆಯ ಆರ್ಮ್ ಹಾಕಿದೆವು. ನಲವತ್ತು ನಿಮಿಷ ಓಡಿತು. ನಿಲ್ಲಿಸಿದ ಹತ್ತು ನಿಮಿಷವೂ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುರ್ ಎಂದಿತು. ಅದೇ ಕಾರಿನಲ್ಲಿ ಪಕ್ಕದ ಊರು ಹೌನ್ಸ್ಲೋವರೆಗೆ ಹೋಗಿ ಬಂದೆವು. ಹಿಂದಿನ ಸೀಟಿನಲ್ಲಿ ನಾನು ಒಬ್ಬಳೇ, ಮದುವಣಗಿತ್ತಿಯ ಹಾಗೆ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಸಾಮಾನು ಕೆಟ್ಟಿತು ಅನ್ನುವ ಮೊದಲು ಅದನ್ನು ಮುಟ್ಟಿದ ಕೈಗಳನ್ನು ಕೇಳಬೇಕು, ನಮ್ಮ ಕೈಯನ್ನು ಎಲ್ಲಕ್ಕೂ ಮೊದಲು. ಈಗ ಆ ವರ್ಕ್‌ಶಾಪಿನ ಪರೀಕ್ಷೆಯ ಹಾಳೆಯಲ್ಲಿ, "ಸಾಮಾನಿಗೆ ಏನಾದರೂ ಹಚ್ಚಿದ್ದೀರಾ?" ಎಂಬ ಸಾಲೊಂದಿದೆ. ನೇಹಾಳ ಆರ್ಮ್‌ಗಳು ಬರುವ ಪೆಟ್ಟಿಗೆಗೆ ಪ್ರತಿ ವರ್ಷ ನಾನೇ ಹೋಗಿ ಕುಂಕುಮ ಹಚ್ಚಿ ಬರುತ್ತೇನೆ. ಪೆಟ್ಟಿಗೆಗೆ ಮಾತ್ರ, ಅದೂ ಒಣ ಕುಂಕುಮ.