ಎರಡನೆಯ ಕಲ್ಲು

ಕೊಡಿಗೇಹಳ್ಳಿಯಲ್ಲಿ ಈಗ ಚಿಕ್ಕಹನುಮಯ್ಯ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ನೀರು ನೋಡುವ ಚಿಕ್ಕಹನುಮಯ್ಯ ಅನ್ನಿ, ಹೆಸರಘಟ್ಟದಿಂದ ಯಲಹಂಕದವರೆಗೆ ಒಂದಷ್ಟು ನರೆತ ತಲೆಗಳು ಓಹೋ ಎನ್ನುತ್ತವೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಅವನು ಹೊಲದಲ್ಲಿ ಹೊರಟರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಹಿಂದೆ ನಡೆಯುತ್ತಿದ್ದರು. ಕಾಯಿ ಎದ್ದು ನಿಂತ ಕಡೆ ಕಲ್ಲಿಡುತ್ತಿದ್ದ. ಅಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದರು.

ಆದರೆ ಒಬ್ಬನ ಮಾತು ಕೇಳಿ ನೆಲ ಕೊರೆಸುವವರುಂಟೇ? ಎರಡನೆಯವರಾಗಿ ಆರ್.ಟಿ. ನಗರದ ವಹಾಬ್ ಸಾಬರು ಬರಬೇಕಿತ್ತು. ಅದಕ್ಕೊಂದು ಕಟ್ಟಳೆ. ಎರಡನೆಯವನಿಗೆ ಮೊದಲನೆಯವನ ಕಲ್ಲು ತೋರಿಸಬಾರದು. ಕಲ್ಲು ಎತ್ತಿಟ್ಟು, ಹೆಜ್ಜೆಗುರುತನ್ನೂ ಸೊಪ್ಪಿನಲ್ಲಿ ಗುಡಿಸಿ, ಗುರುತಿಗೆ ಮಣ್ಣಿನಡಿ ಒಂದು ಮೊಳೆ ಹೂತಿಡುತ್ತಿದ್ದರು. ಸಾಬರು ಬೇವಿನ ಕವೆಗೋಲು ಹಿಡಿದು ಸುತ್ತಿ ಬಂದು ಅದೇ ಮೊಳೆಯ ಮೇಲೆ ನಿಂತರೆ ಮಾತ್ರ ಕೊರೆಯುವ ಲಾರಿಗೆ ಹೇಳಿಕಳಿಸುವುದು. ಆ ದಿನ ಕಲ್ಲಿಟ್ಟವರಿಬ್ಬರೂ ಲಾರಿಯ ಪಕ್ಕ ಕೂರಬೇಕು, ನೀರು ಬರಲಿ ಧೂಳು ಬರಲಿ, ಕೊನೆಯವರೆಗೆ ಏಳುವಂತಿಲ್ಲ.

“ಹನುಮಯ್ಯ, ನಾನು ನೋಡೋ ನೀರನ್ನ ನೀನು ಮುಂಚೆನೇ ಬಂದು ಕದೀತೀಯಲ್ಲಯ್ಯಾ,” ಎಂದು ಸಾಬರು ಮೈಮೇಲೆ ಧೂಳು ಸುರಿಯುತ್ತಿದ್ದರೂ ನಗಿಸುತ್ತಿದ್ದರು.

ಹೊಲಗಳು ಸೈಟುಗಳಾಗಿ ಹೋದವು. ಕೆಲಸವೂ ಹೋಯಿತು. ಹೆಂಡತಿ ಸುಬ್ಬಮ್ಮ ಹೋಗಿ ಐದು ವರ್ಷವಾಯಿತು, ಮಕ್ಕಳಿಲ್ಲ. ತಮ್ಮನ ಮಗ ಸುಬ್ರಮಣಿ ಕಟ್ಟಿಸಿದ ನಾಲ್ಕು ಮಹಡಿಯ ನೆತ್ತಿಯ ಮೇಲೆ ಒಂದು ರೂಮು ಚಿಕ್ಕಹನುಮಯ್ಯನದು. ಹೊತ್ತುಹೊತ್ತಿಗೆ ಕೆಳಗಿನಿಂದ ತಟ್ಟೆ ಬರುತ್ತದೆ. ಇತ್ತೀಚೆಗೆ ಅರ್ಧ ಮುದ್ದೆಯೂ ಇಳಿಯುತ್ತಿರಲಿಲ್ಲ. ಉಳಿದದ್ದನ್ನು ಕಾಗೆಗಿಟ್ಟು ತಟ್ಟೆ ತೊಳೆದು ಕಳಿಸುತ್ತಿದ್ದ. ಖಾಲಿ ತಟ್ಟೆ ಕಂಡವರು ಏನು ಕೇಳುತ್ತಾರೆ?

ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಒಬ್ಬನೇ ಹೋಗಿದ್ದ. ಬಾಯಿಂದ ಟ್ಯೂಬ್ ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿ ಕ್ಯಾನ್ಸರ್, ಲಿವರ್‌ಗೂ ಹರಡಿದೆ, ಡ್ರಿಪ್ಪಿನಲ್ಲಿ ಕೀಮೋ ಕೊಡಬೇಕು ಎಂದರು. ಡಾಕ್ಟರೇ ಫೈಲು ಕೈಗಿಟ್ಟು, “ಇನ್ನೊಬ್ಬರ ಹತ್ರಾನೂ ಒಂದು ಮಾತು ಕೇಳಿ. ಇದನ್ನೆಲ್ಲ ತಗೊಂಡು ಹೋಗಿ,” ಎಂದರು.

ಕೇಳುವುದೇನೋ ಸರಿ. ಆದರೆ ತಗೊಂಡು ಹೋಗುವುದೇ? ಚಿಕ್ಕಹನುಮಯ್ಯ ಫೈಲನ್ನು ಸುಬ್ಬಮ್ಮನ ಟ್ರಂಕಿನಲ್ಲಿ, ಅವಳ ಸೀರೆಗಳ ಅಡಿಗೆ ಹೂತ. ಯಲಹಂಕದ ಕಡೆಯ ಇನ್ನೊಂದು ಆಸ್ಪತ್ರೆಯಲ್ಲಿ ಡಾಕ್ಟರ್ ರಂಜನಿಯ ಮುಂದೆ ಬರಿಗೈಲಿ ಕೂತ.

“ಮೊದಲು ಎಲ್ಲಾದ್ರೂ ತೋರಿಸಿದ್ರಾ?”

“ಎಲ್ಲೂ ಇಲ್ಲ ತಾಯಿ.”

“ಜೊತೇಲಿ ಯಾರು ಬಂದಿದ್ದಾರೆ?”

“ನಾನೇ ಬಂದಿವ್ನಿ.”

ಮತ್ತೆ ಟ್ಯೂಬ್ ನುಂಗಿದ. ಮತ್ತೆ ಸೂಜಿ, ಮತ್ತೆ ಸ್ಕ್ಯಾನ್. ಒಂದೊಂದಕ್ಕೂ ಒಂದೊಂದು ದಿನ ಗೊತ್ತುಮಾಡಿ, ವರದಿ ಬರುವ ಹೊತ್ತಿಗೆ ಮೂರು ವಾರ. ಪ್ಯಾಂಟಿಗೆ ದಾರ ಕಟ್ಟಿಕೊಳ್ಳುವಂತಾಯಿತು. ರೂಮಿನ ಮುಂದೆ ಕೂತು, ಹೊಲವಿದ್ದ ಕಡೆ ಎದ್ದ ನೀರಿನ ಟ್ಯಾಂಕುಗಳನ್ನು ನೋಡುತ್ತ, ಜೀವಮಾನದಲ್ಲೇ ಮೊದಲ ಸಲ ಎರಡನೆಯ ಕಲ್ಲು ಬೇರೆ ಕಡೆ ಬೀಳಲಿ ಎಂದು ಹರಕೆ ಹೊತ್ತ.

ಬೀಳಲಿಲ್ಲ. ರಂಜನಿ ಹೇಳಿದ್ದೂ ಅದೇ: ಹೊಟ್ಟೆ, ಲಿವರ್, ಕೀಮೋ. ಆಗ ಅವನು ಬೆಳಿಗ್ಗೆ ಟ್ರಂಕಿನಿಂದ ಎತ್ತಿ ತಂದಿದ್ದ ಹಳೆಯ ಫೈಲನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ.

ಆಕೆ ಹಾಳೆ ತಿರುವಿದಳು. ಮುಖ ಕೆಂಪಾಯಿತು. “ಇದನ್ನ ಮೊದಲೇ ಕೊಟ್ಟಿದ್ರೆ ಆ ಟ್ಯೂಬ್ ಇನ್ನೊಂದ್ಸಲ ನುಂಗೋದು ತಪ್ತಿತ್ತಲ್ವಾ ತಾತ? ಮೂರು ವಾರ ಕಳ್ಕೊಂಡ್ವಿ. ಯಾಕೆ ಮುಚ್ಚಿಟ್ರಿ?”

“ಮೊದಲ್ನೇ ಕಲ್ಲು ಕಂಡ್ರೆ ಎರಡ್ನೇವ್ರ ಕೈ ತಾನಾಗೇ ಅಲ್ಲಿಗೇ ವಾಲ್ತದೆ ತಾಯಿ. ನಮ್ ಕಸುಬ್ನಾಗೆ ಅಂಗೇ,” ಎಂದು ಕಾಯಿ, ಕವೆಗೋಲು, ಮೊಳೆ ಎಲ್ಲ ಹೇಳಿದ.

ರಂಜನಿಯ ಸಿಟ್ಟು ಇಳಿಯಿತು. ಪೆನ್ನು ಕೆಳಗಿಟ್ಟಳು.

“ಕೊರೆದ್ರೆ ನೀರು ಬರ್ತದಾ?” ಎಂದು ಕೇಳಿದ.

“ಪೂರ್ತಿ ವಾಸಿ ಆಗಲ್ಲ. ಸುಳ್ಳು ಹೇಳಲ್ಲ ನಾನು. ಔಷಧಿ ಹಿಡಿಸಿದ್ರೆ ನೋವು ಕಡಿಮೆ ಆಗಿ, ಒಂದು ವರ್ಷದ ಹತ್ತಿರ ಸಿಗಬಹುದು. ತಗೊಳ್ದಿದ್ರೆ ಕೆಲವೇ ತಿಂಗಳು. ಬೇಡ ಅಂದ್ರೂ ಕೈ ಬಿಡಲ್ಲ, ನೋವಿಗೆ ಔಷಧಿ ಕೊಡ್ತೀನಿ. ಬೇಕು ಅಂದ್ರೆ ಮಂಗಳವಾರ ಬನ್ನಿ. ಆದ್ರೆ ಜೊತೇಲಿ ಒಬ್ಬರು ಬೇಕೇ ಬೇಕು. ಒಬ್ಬರೇ ಬಂದ್ರೆ ಡ್ರಿಪ್ ಹಾಕಲ್ಲ.”

ಕೈಗೆ ಕೊಟ್ಟ ಹಾಳೆಯಲ್ಲಿ ‘ಜೊತೆಗಿರುವವರ ಹೆಸರು’ ಎಂಬಲ್ಲಿ ಒಂದು ಗೆರೆ ಖಾಲಿ ಇತ್ತು.

ರೂಮಿಗೆ ಬಂದು ಆ ಗೆರೆ ನೋಡುತ್ತ ಕೂತ. ಪಕ್ಕದಲ್ಲಿ ಕೂತವರು ಎಂದರೆ ನೆನಪಿಗೆ ಬಂದದ್ದು ಒಬ್ಬರೇ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ನಂಬರು ಒತ್ತಿದ. ಹೆಣ್ಣುದನಿ ಎತ್ತಿಕೊಂಡಿತು.

“ವಹಾಬ್ ಸಾಬರು ಮನೆಯಾಗೆ ಅವ್ರಾ?”

“ನಾನು ಸೊಸೆ, ಲುಬ್ನಾ. ಮಾವ ಹೋಗಿ ಎರಡು ವರ್ಷ ಆಯ್ತಲ್ಲ. ನೀವ್ಯಾರು?”

ಅವನು ಕ್ಯಾಲೆಂಡರನ್ನು ಮತ್ತೆ ಗೋಡೆಗೆ ಸಿಕ್ಕಿಸಿದ.

“ಏನಾದ್ರೂ ಹೇಳ್ಬೇಕಿತ್ತಾ?”

“ಎರಡೂ ಒಂದೇ ಕಡೆ ಬಿತ್ತು ಅಂತ ಯೋಳ್ಬೇಕಿತ್ತವ್ವ,” ಎಂದು ಫೋನ್ ಇಟ್ಟ.

ಸಂಜೆ ತಟ್ಟೆ ಬಂತು. ಮುದ್ದೆ ಮುರಿದು ತಾರಸಿಯ ಕಟ್ಟೆಯ ಕಡೆ ಹೋದ. ಕಾಗೆ ಆಗಲೇ ಕಾದಿತ್ತು. ಅದರ ಮುಖ ನೋಡಿದ, ಕೈಯಲ್ಲಿದ್ದ ತುತ್ತು ನೋಡಿದ. ಹಾಕಲಿಲ್ಲ. ತಟ್ಟೆಯನ್ನು ಹಾಗೇ ಹಿಡಿದು, ಹಾಳೆಯನ್ನು ಜೇಬಿಗಿಟ್ಟು, ಗೋಡೆ ಆತುಕೊಂಡು ನಾಲ್ಕು ಮಹಡಿ ಇಳಿದ.

ಸುಬ್ರಮಣಿ ಬಾಗಿಲಲ್ಲೇ ಶೂ ಕಳಚುತ್ತಿದ್ದ. “ಏನ್ ದೊಡ್ಡಪ್ಪ, ನೀನೇ ಇಳ್ದು ಬಂದ್ಬಿಟ್ಟೆ? ಇನ್ನೂ ಎಲ್ಲೋ ನೀರು ನೋಡಕ್ಕೆ ಕರೀತಾರಾ ನಿನ್ನ?” ಎಂದು ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿದ ತಟ್ಟೆಗೆ ಬಿತ್ತು, ಅಲ್ಲಿಂದ ಸೊಂಟದ ದಾರಕ್ಕೆ.

“ನೋಡಿದ್ದಾಯ್ತು ಕಣಪ್ಪ,” ಎಂದ ಚಿಕ್ಕಹನುಮಯ್ಯ. “ಇಬ್ರೂ ನೋಡಿದ್ರು. ಮಂಗಳವಾರ ಕೊರೀತಾರಂತೆ. ಪಕ್ಕದಾಗೆ ಕೂರಕ್ಕೆ ಒಬ್ರು ಬೇಕು.” ಜೇಬಿನಿಂದ ಆಸ್ಪತ್ರೆಯ ಹಾಳೆ ತೆಗೆದು ತಟ್ಟೆಯ ಅಂಚಿಗಿಟ್ಟ.

ಸುಬ್ರಮಣಿ ಒಂದೇ ಶೂನಲ್ಲಿ ನಿಂತಿದ್ದ. ತಟ್ಟೆಗೆ ಕೈ ಚಾಚಿದ.